ನಿಮಗಿದು ಗೊತ್ತೆ?: ಮೆಕ್ಕೆಜೋಳದ ನಡುವೆ ತೊಗರಿ

ದಾವಣಗೆರೆ, ಹಾವೇರಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳದ ಕೆಲವು ಸಾಲುಗಳಿಗೊಮ್ಮೆ ತೊಗರಿಯ ಸಾಲು ಕಾಣುತ್ತದೆ. ನಮ್ಮ ಹಿರಿಯರ ಅಕ್ಕಡಿ ಸಾಲೇ ಇದು.

ಎರಡೂ ಬೆಳೆ ಕಿತ್ತಾಡುವುದಿಲ್ಲವೇ? ಅಷ್ಟೇನಿಲ್ಲ. ತೊಗರಿ ಮೊದಲೆರಡು ತಿಂಗಳು ತೀರಾ ನಿಧಾನ. ಸುಮಾರು ನಾಲ್ಕು ತಿಂಗಳಿಗೆ ಮೆಕ್ಕೆಜೋಳ ಕಟಾವಾದ ಮೇಲೆ ಬಿಸಿಲು, ಜಾಗ ಎಲ್ಲ ತೊಗರಿಯದೇ. ಆಳಕ್ಕಿಳಿದ ತಾಯಿಬೇರು ಮಳೆ ನಿಂತ ಮೇಲೂ ತಳದ ತೇವ ಹೀರುತ್ತದೆ. ಹಿಂಗಾರು ಕೈಕೊಟ್ಟರೂ ಒಂದಿಷ್ಟು ಕಾಳು ಸಿಗುವ ಆಸೆ ಉಳಿಯುತ್ತದೆ.

ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗಂಟನ್ನು ಸೀಳಿ ನೋಡಿ: ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ ಎಂದರ್ಥ. ಆದರೆ ಪಕ್ಕದ ಮೆಕ್ಕೆಜೋಳಕ್ಕೆ ಅದೇ ಹಂಗಾಮಿನಲ್ಲಿ ಸಿಗುವ ಪಾಲು ಅಲ್ಪ. ಹೆಚ್ಚಿನ ಲಾಭ ಉದುರಿದ ಎಲೆ, ಕೊಳೆತ ಬೇರಿನ ಮೂಲಕ ಮುಂದಿನ ಬೆಳೆಗೆ. ಹಾಗಾಗಿ ಮೆಕ್ಕೆಜೋಳಕ್ಕೆ ಯೂರಿಯಾ ಬೇಡವೇ ಬೇಡ ಎನ್ನುವವರ ಮಾತು ನಂಬಬೇಡಿ.

ಇನ್ನೊಂದು ಸೋಜಿಗವಿದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನು ತೊಗರಿಯ ಬೇರು ಆಮ್ಲ ಸ್ರವಿಸಿ ಬಿಡಿಸಿಕೊಳ್ಳುತ್ತದೆ. ಹೈದರಾಬಾದ್ ಬಳಿಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಸಂಶೋಧಕರು ಇದನ್ನು 1990ರಲ್ಲಿ ವರದಿ ಮಾಡಿದರು.

ಮೆಕ್ಕೆಜೋಳದ ಕಳೆಗೆ ಸಾಮಾನ್ಯವಾಗಿ ಹೊಡೆಯುವ ಅಟ್ರಜಿನ್ ಮಾತ್ರ ಇಲ್ಲಿ ಬೇಡ, ತೊಗರಿ ಸುಟ್ಟುಹೋದೀತು. ಎಡೆಕುಂಟೆ ಹೊಡೆಯುವುದೇ ಲೇಸು.