ಬಲದಿಂದ ಎಡಕ್ಕೆ ರಕ್ತದ ದಾರಿ

ಶುಕ್ರವಾರದ ಖುತ್ಬಾಗಳಲ್ಲಿ ‘ಕಲ್ಬ್’ ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಈಮಾನ್, ಇಖ್ಲಾಸ್, ಅಸೂಯೆ, ಅಹಂಕಾರ ಎಲ್ಲಕ್ಕೂ ಅದೇ ನೆಲೆ ಎಂದು ಖತೀಬರು ವಿವರಿಸುತ್ತಾರೆ. ಈ ತಿಂಗಳು ನಾವು ಬರೆಯಹೊರಟಿರುವುದು ಎದೆಗೂಡಿನೊಳಗೆ ಬಡಿಯುವ ಮಾಂಸದ ಕಲ್ಬ್ ಬಗ್ಗೆ. ಅದರೊಂದಿಗೆ ಸರಪಳಿಯಂತೆ ಸೇರಿಕೊಂಡಿರುವ ರಕ್ತನಾಳ, ಶ್ವಾಸಕೋಶ ಮತ್ತು ದುಗ್ಧರಸ ನಾಳಗಳ ಬಗ್ಗೆ. ಅದಕ್ಕೆ ಕಾರಣವಿದೆ. ಮನೆಯ ಹಿರಿಯರ ಕಾಲು ಊದಿಕೊಂಡರೆ ‘ವಯಸ್ಸಾಯಿತಲ್ಲ’ ಎನ್ನುತ್ತೇವೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎನ್ನುತ್ತೇವೆ. ಕಾಲಿನ ಊತಕ್ಕೂ ಎದೆಗೂ ಇರುವ ಸಂಬಂಧ ತಿಳಿದವರು ಹೀಗೆ ಹೇಳಿ ಸುಮ್ಮನಿರಲಾರರು.

ಮುಷ್ಟಿಯಷ್ಟು ದೊಡ್ಡದಾದ ಹೃದಯ ನಿಮಿಷಕ್ಕೆ ಸುಮಾರು 70 ಸಲದಂತೆ ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಬೀಳುತ್ತದೆ. ಅಂದರೆ ನಿಮಿಷಕ್ಕೆ 5 ಲೀಟರ್. ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ನಾವು ಎರಡು ರಕ್‌ಅತ್ ಸುನ್ನತ್ ಮುಗಿಸುವಷ್ಟರಲ್ಲಿ ಅಷ್ಟೂ ರಕ್ತ ಎರಡು ಮೂರು ಸುತ್ತು ಹಾಕಿರುತ್ತದೆ.

ನೋಡಲು ಒಂದೇ ಅಂಗವಾದರೂ ಹೃದಯವೆಂದರೆ ನಡುಗೋಡೆಯ ಎರಡು ಬದಿಗೆ ಕಟ್ಟಿದ ಎರಡು ಪಂಪುಗಳು. ಬಲಭಾಗ ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಕ್ಕೆ ದೂಡುತ್ತದೆ. ಎಡಭಾಗ ಶ್ವಾಸಕೋಶದಿಂದ ಬಂದ ರಕ್ತವನ್ನು ತಲೆಯಿಂದ ಪಾದದವರೆಗೆ ಕಳಿಸುತ್ತದೆ. ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಲು ಹೆಚ್ಚು ಬಲ ಬೇಡ. ಆದ್ದರಿಂದ ಬಲಪಂಪಿನ ಗೋಡೆ ತೆಳು, ಎಡದ್ದು ಅದರ ಸುಮಾರು ಮೂರು ಪಟ್ಟು ದಪ್ಪ. ಬಿಪಿ ನೋಡಿದಾಗ ಹೇಳುವ 120 ಎಂಬುದು ಎಡಪಂಪಿನ ಒತ್ತಡ. ಬಲಗಡೆ ಅದು ಸಾಮಾನ್ಯವಾಗಿ 25ರಷ್ಟು ಮಾತ್ರ. ಪ್ರತಿ ದ್ವಾರದಲ್ಲೂ ಕವಾಟಗಳಿದ್ದು, ಹೋದ ರಕ್ತ ಹಿಂದಿರುಗದಂತೆ ಮುಚ್ಚಿಕೊಳ್ಳುತ್ತವೆ. ಡಾಕ್ಟರು ಸ್ಟೆತೊಸ್ಕೋಪಿನಲ್ಲಿ ಕೇಳುವ ಲಬ್-ಡಬ್ ಆ ಕವಾಟಗಳ ಸದ್ದು.

ಹಾಗಾದರೆ ಬಲಭಾಗದ ರಕ್ತ ಎಡಭಾಗಕ್ಕೆ ಬರುವುದು ಯಾವ ದಾರಿಯಲ್ಲಿ? ಸಾವಿರ ವರ್ಷಕ್ಕೂ ಮಿಕ್ಕಿ ವೈದ್ಯಲೋಕ ಇದಕ್ಕೆ ತಪ್ಪು ಉತ್ತರ ಹೇಳುತ್ತಿತ್ತು. ಎರಡನೇ ಶತಮಾನದ ಗ್ಯಾಲೆನ್, ನಮ್ಮ ಯೂನಾನಿ ಹಕೀಮರು ಜಾಲೀನೂಸ್ ಎಂದು ಕರೆಯುವವರು, ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳಲ್ಲಿ ಜಿನುಗಿ ಆಚೆ ಸೇರುತ್ತದೆ ಎಂದಿದ್ದರು. ಮಹಾವೈದ್ಯ ಇಬ್ನು ಸೀನಾ ಅವರೂ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಬಹುಮಟ್ಟಿಗೆ ಅದನ್ನೇ ಅನುಸರಿಸಿದರು. 1242ರಲ್ಲಿ ಆ ಗ್ರಂಥದ ಅಂಗರಚನಾ ಭಾಗಕ್ಕೆ ವ್ಯಾಖ್ಯಾನ ಬರೆದ ಇಬ್ನುನ್ನಫೀಸ್ ಎಂಬ ತರುಣ ವೈದ್ಯರು ಇದನ್ನು ಒಪ್ಪಲಿಲ್ಲ. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ನೆಲೆಸಿದವರು ಅವರು. ಶಾಫಿಈ ಫಿಕ್‌ಹ್ ಕಲಿಸುವ ಉಸ್ತಾದರೂ ಆಗಿದ್ದರು. ನಡುಗೋಡೆ ಗಟ್ಟಿಯಾಗಿದೆ, ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ. ರಕ್ತ ಬಲದಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು, ಆಮೇಲೆ ಎಡಕ್ಕೆ ಬರಲೇಬೇಕು ಎಂಬುದು ಅವರ ನಿಲುವು. ಹೃದಯಕ್ಕೆ ಪೋಷಣೆ ಸಿಗುವುದು ಅದರ ಕೋಣೆಯಲ್ಲಿ ತುಂಬಿರುವ ರಕ್ತದಿಂದಲ್ಲ, ಅದರ ಮಾಂಸದಲ್ಲೇ ಹರಡಿರುವ ನಾಳಗಳಿಂದ ಎಂದೂ ಅವರು ಹೇಳಿದರು. ಇಂದು ಆಂಜಿಯೋಗ್ರಾಮ್ ಮಾಡಿ ನೋಡುವುದು ಅದೇ ನಾಳಗಳನ್ನು. ಅವುಗಳಲ್ಲಿ ಒಂದು ಪೂರ್ತಿ ಕಟ್ಟಿಕೊಂಡರೆ ಹೃದಯಾಘಾತ.

ನಮ್ಮ ಕೆಲವು ಭಾಷಣಗಳಲ್ಲಿ ರಕ್ತಪರಿಚಲನೆ ಎಲ್ಲವನ್ನೂ ಇಬ್ನುನ್ನಫೀಸ್ ಅವರೇ ಕಂಡುಹಿಡಿದರು ಎಂದು ಹೇಳುವುದುಂಟು. ಅದು ಸರಿಯಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ಅವರು ತೋರಿಸಿದ್ದು ಶ್ವಾಸಕೋಶದ ಮೂಲಕ ಹಾಯುವ ದಾರಿಯನ್ನು. ರಕ್ತ ಇಡೀ ದೇಹವನ್ನು ಸುತ್ತಿ ಹೃದಯಕ್ಕೇ ಮರಳುತ್ತದೆ ಎಂದು ಲೆಕ್ಕ ಸಮೇತ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ. ಎರಡು ಬಗೆಯ ನಾಳಗಳನ್ನು ಜೋಡಿಸುವ, ಕೂದಲಿಗಿಂತ ಸಣ್ಣದಾದ ಲೋಮನಾಳಗಳನ್ನು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡವರು ಇಟಲಿಯ ಮಾಲ್ಪೀಗಿ, 1661ರಲ್ಲಿ. ಇಬ್ನುನ್ನಫೀಸ್ ಅವರ ವ್ಯಾಖ್ಯಾನದಲ್ಲಿ ಇಂಥ ಮಾತಿದೆ ಎಂದು ಆಧುನಿಕ ಜಗತ್ತಿಗೆ ತಿಳಿದದ್ದು 1924ರಲ್ಲಿ, ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಮುಹ್ಯಿದ್ದೀನ್ ತತಾವಿ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯನ್ನು ಓದಿದಾಗ. ಗುರುವಿನ ಮೇಲೆ ಅಪಾರ ಗೌರವವಿಟ್ಟುಕೊಂಡೇ ಗುರುವಿನ ತಪ್ಪನ್ನು ತಪ್ಪೆಂದು ಬರೆದ ಆ ಧೈರ್ಯವೇ ನಮಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಅಂದಹಾಗೆ, ಒಂದು ಕಾಲದಲ್ಲಿ ನಮಗೆಲ್ಲರಿಗೂ ಹೃದಯದಲ್ಲಿ ನಿಜವಾದ ಕಿಂಡಿಯೊಂದು ಇತ್ತು. ತಾಯಿಯ ಗರ್ಭದಲ್ಲಿರುವ ಮಗು ಉಸಿರಾಡುವುದಿಲ್ಲ; ಅದರ ರಕ್ತ ಶ್ವಾಸಕೋಶಕ್ಕೆ ಹೋಗಿ ಪ್ರಯೋಜನವಿಲ್ಲ. ಆದ್ದರಿಂದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಬಾಗಿಲು ತೆರೆದಿರುತ್ತದೆ. ಹುಟ್ಟಿ ಉಸಿರು ಎಳೆದ ಮೇಲೆ ಒತ್ತಡ ಬದಲಾಗಿ ಅದು ಮುಚ್ಚಿಕೊಳ್ಳುತ್ತದೆ. ಸುಬ್‌ಹಾನಲ್ಲಾಹ್!

ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಗಾಳಿಚೀಲಗಳಿವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆದೀತು, ಒಂದು ಸಣ್ಣ ಮನೆಯ ನೆಲದಷ್ಟು. ಪ್ರತಿ ಚೀಲವನ್ನೂ ಲೋಮನಾಳಗಳ ಬಲೆ ಸುತ್ತಿಕೊಂಡಿದೆ. ರಕ್ತಕ್ಕೂ ಗಾಳಿಗೂ ನಡುವಿನ ಪರದೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ರಕ್ತ ಅಲ್ಲಿ ಉಳಿಯುವುದು ಮುಕ್ಕಾಲು ಸೆಕೆಂಡು. ಅಷ್ಟರಲ್ಲಿ ಆಮ್ಲಜನಕ ಒಳಗೆ, ಇಂಗಾಲದ ಡೈಆಕ್ಸೈಡ್ ಹೊರಗೆ. ಬೀಡಿ, ಸಿಗರೇಟು, ಗಾಳಿಯಾಡದ ಅಡುಗೆಮನೆಯಲ್ಲಿ ಸೌದೆ ಒಲೆಯ ಹೊಗೆ ವರ್ಷಗಟ್ಟಲೆ ಒಳಹೋದರೆ ಈ ಚೀಲಗಳ ಗೋಡೆ ಹರಿದು ಹೋಗುತ್ತದೆ, ಜೊತೆಗೆ ನಾಳಗಳ ಬಲೆಯೂ. ರಕ್ತಕ್ಕೆ ಬೇರೆ ದಾರಿ ಇಲ್ಲವಲ್ಲ! ತೆಳುಗೋಡೆಯ ಬಲಪಂಪು ಆ ಇಕ್ಕಟ್ಟಿನಲ್ಲೇ ದೂಡಬೇಕು, ದೂಡಿ ದೂಡಿ ಸೋಲುತ್ತದೆ. ಹಿಂದೆ ಉಳಿದ ರಕ್ತ ಅಭಿಧಮನಿಗಳಲ್ಲಿ ನಿಂತು ಕೊನೆಗೆ ಪಾದ ಊದುತ್ತದೆ. ಒಲೆಯ ಮುಂದೆ ಆಯುಷ್ಯ ಕಳೆದ ಅಜ್ಜಿಯ ಕಾಲಿನ ಊತಕ್ಕೆ ಮೂಲ ಶ್ವಾಸಕೋಶದಲ್ಲಿರಬಹುದು.

ಇದೇ ದಾರಿಯಲ್ಲಿ ತಿರುಗಾಮುರುಗಾ ಅಪಾಯವೂ ಇದೆ. ಕಾಲಿನಿಂದ ರಕ್ತವನ್ನು ಮೇಲೆತ್ತಲು ಬೇರೆ ಪಂಪಿಲ್ಲ; ನಡೆಯುವಾಗ ಮೀನಖಂಡದ ಸ್ನಾಯು ಹಿಂಡುವುದರಿಂದ ಅದು ಮೇಲೇರುತ್ತದೆ. ಗಂಟೆಗಟ್ಟಲೆ ಅಲುಗಾಡದೆ ಕೂತರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡರೆ ನೇರ ಬಲಪಂಪಿಗೆ, ಅಲ್ಲಿಂದ ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಉಮ್ರಾ ಪ್ರಯಾಣದ ವಿಮಾನದಲ್ಲಿ, ರಾತ್ರಿಯಿಡೀ ಓಡುವ ಬಸ್ಸಿನಲ್ಲಿ ಹಿರಿಯರನ್ನು ಆಗಾಗ ಎಬ್ಬಿಸಿ ನಡೆಸಬೇಕೆನ್ನುವುದು ಇದಕ್ಕೇ. ಒಂದೇ ಕಾಲು ಹಠಾತ್ತಾಗಿ ಊದಿ, ಮೀನಖಂಡ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಾಲನ್ನು ತಿಕ್ಕಿ ಮಾಲೀಶು ಮಾಡಬಾರದು. ಜೊತೆಗೆ ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಇನ್ನು ದುಗ್ಧರಸ. ಲೋಮನಾಳಗಳಿಂದ ದಿನವೂ ಒಂದಿಷ್ಟು ದ್ರವ ಅಂಗಾಂಶಗಳೊಳಗೆ ಸೋರುತ್ತದೆ. ಬಹುಪಾಲು ವಾಪಸಾಗಿ ಉಳಿದ ಎರಡು ಮೂರು ಲೀಟರನ್ನು ದುಗ್ಧರಸ ನಾಳಗಳು ಬಳಿದುಕೊಂಡು, ತೊಡೆಸಂದು, ಕಂಕುಳು, ಕುತ್ತಿಗೆಯ ಗ್ರಂಥಿಗಳಲ್ಲಿ ಸೋಸಿ, ಕೊರಳ ಬುಡದಲ್ಲಿ ಅಭಿಧಮನಿಗೆ ಸೇರಿಸುತ್ತವೆ. ಗಾಯವಾದಾಗ ತೊಡೆಸಂದಿನಲ್ಲಿ ಗಂಟು ಏಳುವುದು ಈ ಗ್ರಂಥಿ ರೋಗಾಣುವಿನೊಡನೆ ಹೋರಾಡುತ್ತಿರುವುದರಿಂದ. ಕಲಬುರಗಿ, ಬೀದರ್ ಭಾಗದವರಿಗೂ ಕರಾವಳಿಯವರಿಗೂ ಆನೆಕಾಲು ರೋಗ ಹೊಸದಲ್ಲ. ಸೊಳ್ಳೆಯಿಂದ ಬಂದ ಹುಳು ಈ ನಾಳಗಳಲ್ಲೇ ನೆಲೆಸಿ ಅವನ್ನು ಕೆಡಿಸುತ್ತದೆ. ಅದರ ಮರಿಗಳು ರಕ್ತದಲ್ಲಿ ಹೆಚ್ಚಾಗಿ ಕಾಣುವುದು ರಾತ್ರಿ. ಆರೋಗ್ಯ ಕಾರ್ಯಕರ್ತೆಯರು ರಾತ್ರಿ ಹೊತ್ತು ಬೆರಳು ಚುಚ್ಚಲು ಬರುವುದು ಇದರಿಂದಲೇ. ಅವರನ್ನು ಬಾಗಿಲಲ್ಲೇ ಕಳಿಸಿಬಿಡುವ ಮನೆಗಳು ನಮ್ಮ ಮೊಹಲ್ಲಾಗಳಲ್ಲೂ ಇವೆ. ಈಗಾಗಲೇ ಕಾಲು ಊದಿದವರಿಗೆ ದಿನವೂ ಸೋಪು ನೀರಿನಿಂದ ತೊಳೆದು ಒಣಗಿಸುವುದೇ ಮುಖ್ಯ ಆರೈಕೆ. ವುಝೂ ಮಾಡುವಾಗ ಬೆರಳುಗಳ ನಡುವೆ ನೀರು ಹಾಯಿಸುತ್ತೇವೆ. ಅಂಥವರು ನಮಾಝ್ ಮುಗಿದ ಮೇಲಾದರೂ ಆ ಸಂದುಗಳನ್ನು ಒಣಬಟ್ಟೆಯಿಂದ ಒರೆಸಬೇಕು. ಒದ್ದೆ ಸಂದಿನ ಬಿರುಕೇ ಸೋಂಕಿನ ಬಾಗಿಲು.

ಎರಡೂ ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಹೃದಯವನ್ನು ಪರೀಕ್ಷಿಸಲೇಬೇಕು. ಕಿಡ್ನಿ, ಲಿವರ್ ತೊಂದರೆಯಿಂದಲೂ ಊತ ಬರುತ್ತದೆ, ಅದನ್ನು ಡಾಕ್ಟರೇ ಹೇಳಬೇಕು. ಇಂಥವರಿಗೆ ಕೊಡುವ ‘ನೀರಿನ ಮಾತ್ರೆ’ಯನ್ನು ಜುಮುಅ ದಿನ ನುಂಗದ ಹಿರಿಯರಿದ್ದಾರೆ, ಖುತ್ಬಾದ ನಡುವೆ ಎದ್ದು ಹೋಗಬೇಕಾಗುತ್ತದೆ, ವುಝೂ ನಿಲ್ಲುವುದಿಲ್ಲ ಎಂಬ ಸಂಕೋಚ ಅವರದು. ಮಾತ್ರೆ ಬಿಡುವ ಬದಲು ನುಂಗುವ ಹೊತ್ತನ್ನು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ರಮಝಾನಿಗೂ ಅಷ್ಟೇ, ಉಪವಾಸ ಶುರುವಾಗುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಮನೆಯಲ್ಲಿ ತೂಕದ ಯಂತ್ರವಿದ್ದರೆ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನಿಂತ ನೀರು. ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯದೆ ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ.