ಶಾಲೆಯ ಹಾಡಿನ ನಾಟಕಕ್ಕೆ ನಿಮ್ಮ ಮಗು ಸಿದ್ಧವೇ?

ದಸರೆ, ದೀಪಾವಳಿ ಮುಗಿದವೆಂದರೆ ನಮ್ಮ ಶಿಗ್ಗಾವಿ, ಹಾನಗಲ್ಲ ಕಡೆಯ ಶಾಲೆಗಳಲ್ಲಿ ಗ್ಯಾದರಿಂಗಿನ ಮಾತು ಶುರುವಾಗುತ್ತದೆ. ಒಂದು ಸಂಜೆ ಮಗು ಪಾಟೀಚೀಲ ಒಗೆದು ಅಡಿಗೆಮನೆಗೆ ಓಡಿ ಬರುತ್ತದೆ. "ಅವ್ವಾ, ಸೋಮವಾರ ನಾಟಕಕ್ಕ ಹುಡುಗರನ್ನ ಆರಸ್ತಾರಂತ. ಹಾಡಾಕ ಬರಬೇಕಂತ!" ಅಂದಿನಿಂದ ಮಗುವಿನಷ್ಟೇ ತಾಯಿಗೂ ಚಿಂತೆ.

ಚಿಕ್ಕ ಮಕ್ಕಳಿಗೆ ಆರಿಸುವ ನಾಟಕದಲ್ಲಿ ಮಾತು ಕಡಿಮೆ, ಹಾಡು ಹೆಚ್ಚು. ಗೋವಿನ ಹಾಡು ಇಲ್ಲವೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆಡದ ಶಾಲೆ ವಿರಳ. ಕಿಂದರಿಜೋಗಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗನ ಕವನದಿಂದ ಹುಟ್ಟಿದ್ದಾದರೂ ಈಗ ಅಪ್ಪಟ ಕನ್ನಡದ್ದೇ ಆಗಿಬಿಟ್ಟಿದೆ. ಆದರೆ ಒಂದು ಲೆಕ್ಕ ಹಾಕಿ ನೋಡಿ. ನಲವತ್ತು ಮಕ್ಕಳ ವರ್ಗದಲ್ಲಿ ಜೋಗಿ ಒಬ್ಬನೇ, ಗೌಡ ಒಬ್ಬನೇ. ಉಳಿದವರೆಲ್ಲ ಇಲಿಗಳು. ಆದ್ದರಿಂದ ತಾಯಿ ಎರಡು ಬಗೆಯ ತಯಾರಿ ಮಾಡಿಸಬೇಕು. ಒಂದು, ಪಾತ್ರ ಸಿಗಲೆಂದು. ಇನ್ನೊಂದು, ಸಿಗದಿದ್ದರೆ ಮಗುವಿನ ಮನಸ್ಸು ಮುದುಡದಿರಲೆಂದು. ಎರಡನೆಯದನ್ನು ನಾವು ಮರೆಯುವುದೇ ಹೆಚ್ಚು.

ಗುರುಗಳು ನೋಡುವುದೇನು?

ಮುಖ ಚೆಂದವಿರಬೇಕು, ಬಣ್ಣ ಬೆಳ್ಳಗಿರಬೇಕು ಎಂದು ತಿಳಿದವರಿದ್ದಾರೆ. ನಾಟಕ ಬಲ್ಲ ಗುರುಗಳು ನೋಡುವುದು ಬೇರೆ. ದನಿ ಹಿಂದಿನ ಸಾಲಿಗೆ ಕೇಳಿಸುತ್ತದೆಯೇ? ಹಾಡು ತಾಳಕ್ಕೆ ಸರಿಯಾಗಿ ಬೀಳುತ್ತದೆಯೇ? ಅಕ್ಷರ ಸ್ಪಷ್ಟವೇ? "ಇನ್ನೊಮ್ಮೆ ಹಿಂಗ ಹೇಳು" ಎಂದರೆ ಹೇಳಿದಂತೆ ಮಾಡುತ್ತದೆಯೇ? ಪಕ್ಕದ ಮಗುವನ್ನು ನೂಕದೆ ನಿಲ್ಲುತ್ತದೆಯೇ? ಈ ಐದೂ ಮನೆಯಲ್ಲಿ, ಖರ್ಚಿಲ್ಲದೆ ಕಲಿಸಬಹುದಾದವು.

ದನಿ ದಪ್ಪ ಎಂದು ಹಿಂಜರಿಯಬೇಡಿ. ನಮ್ಮ ಹಾನಗಲ್ಲ ಊರಿನ ಹೆಸರನ್ನು ಲೋಕಕ್ಕೆಲ್ಲ ತಿಳಿಸಿದ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಡುದನಿಯಂತೆ ಗಡುಸಾಯಿತು. ಆ ದನಿಯಲ್ಲೇ ಹಾಡಿ ಅವರು 2002ರಲ್ಲಿ ಪದ್ಮವಿಭೂಷಣ ಪಡೆದರು.

ಹಾಡು ಆರಿಸುವಾಗ

ಮಗುವಿಗೆ ಈಗಾಗಲೇ ಬಾಯಿಗೆ ಬಂದಿರುವ ಹಾಡೇ ಒಳ್ಳೆಯದು. ಪಲ್ಲವಿ ಮತ್ತು ಒಂದು ನುಡಿ ಸಾಕು. ಮೂರು ನುಡಿ ಕಲಿಸಿ ಮೂರನ್ನೂ ಕಲಸಿಕೊಳ್ಳುವುದಕ್ಕಿಂತ ಒಂದನ್ನು ಗಟ್ಟಿ ಮಾಡಿಸಿ.

ಹಾಡಿನ ಎಲ್ಲಕ್ಕಿಂತ ಮೇಲಿನ ಸಾಲನ್ನು ಮೊದಲು ಹಾಡಿಸಿ ನೋಡಿ. ಕುತ್ತಿಗೆಯ ನರ ಉಬ್ಬಿದರೆ, ಗದ್ದ ಮೇಲೆದ್ದರೆ ಶ್ರುತಿ ಹೆಚ್ಚಾಯಿತೆಂದು ತಿಳಿಯಿರಿ, ಇಳಿಸಿ. ಕೆಳಗಿನ ಸಾಲಿನಲ್ಲಿ ದನಿ ನುಂಗಿಹೋದರೆ ಏರಿಸಿ. ಮೊಬೈಲಿನಲ್ಲಿ ಸಿನಿಮಾ ಹಾಡು ಹಚ್ಚಿ ಅದರ ಸಂಗಡ ಹಾಡಿಸುವುದು ಬೇಡ. ಅದು ದೊಡ್ಡವರ ಶ್ರುತಿ. ಅಲ್ಲದೆ ಹಿಂದಿನ ಸಂಗೀತದ ಆಸರೆಗೆ ಒಗ್ಗಿದ ಮಗು ಬರಿಗೊರಳಲ್ಲಿ ಹಾಡೆಂದರೆ ತಬ್ಬಿಬ್ಬಾಗುತ್ತದೆ.

ಹನ್ನೆರಡು ದಿನದ ತಾಲೀಮು

ದಿನಕ್ಕೆ ಹದಿನೈದು ನಿಮಿಷ ಸಾಕು. ಊಟವಾದ ತಕ್ಷಣ ಬೇಡ. ನೀವು ರೊಟ್ಟಿ ಬಡಿಯುವಾಗ, ಕಾಳು ಹಸನು ಮಾಡುವಾಗಲೇ ಆಗುವ ಕೆಲಸವಿದು. ದಿನ ಕಡಿಮೆ ಇದ್ದರೆ ಒಂದೊಂದು ಹಂತಕ್ಕೆ ಒಂದೊಂದು ದಿನ ಕೊಡಿ.

ಮೊದಲ ಮೂರು ದಿನ ಉಸಿರು ಮತ್ತು ದನಿ. ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೊಂದು ತೆಳು ಪುಸ್ತಕವಿಡಿ. ಉಸಿರು ಎಳೆದಾಗ ಪುಸ್ತಕ ಮೇಲೇಳಬೇಕು, ಹೆಗಲಲ್ಲ. ಮಕ್ಕಳಿಗೆ ಇದೊಂದು ಆಟ. ಆಮೇಲೆ ಮಗುವನ್ನು ಕಟ್ಟೆಯ ಮೇಲೆ ನಿಲ್ಲಿಸಿ ನೀವು ಹಿತ್ತಲ ಬಾಗಿಲಿಗೆ ಹೋಗಿ. ಅದು ಚೀರದೆ ಸಾಲು ಹೇಳಬೇಕು, ನಿಮಗೆ ಪ್ರತಿ ಅಕ್ಷರವೂ ಕೇಳಿಸಬೇಕು. ಬಾಯಿ ತೆರೆದು, ನಿಧಾನವಾಗಿ ಹೇಳಿದರೆ ಕೂಗದೆಯೂ ದನಿ ದೂರ ಹೋಗುತ್ತದೆಂದು ಎರಡೇ ದಿನದಲ್ಲಿ ಅದಕ್ಕೆ ತಿಳಿಯುತ್ತದೆ.

ನಾಲ್ಕರಿಂದ ಆರನೆಯ ದಿನ ತಾಳ. ಹಾಡುತ್ತ ಚಪ್ಪಾಳೆ, ಹಾಡುತ್ತ ನಡಿಗೆ. ನಡುವೆ ನೀವು ಕೈಯೆತ್ತಿದರೆ ದನಿ ನಿಲ್ಲಿಸಿ ಮನಸ್ಸಿನಲ್ಲೇ ಹಾಡಬೇಕು, ಕೈ ಇಳಿಸಿದರೆ ಸರಿಯಾದ ಜಾಗದಿಂದ ಎತ್ತಬೇಕು. ಲಯ ಕೂಡಿಸಲು ನನಗೆ ಗೊತ್ತಿರುವ ಒಳ್ಳೆಯ ಉಪಾಯ ಇದೇ.

ಏಳರಿಂದ ಒಂಬತ್ತನೆಯ ದಿನ ಉಚ್ಚಾರ ಮತ್ತು ಧೈರ್ಯ. ಸ ಮತ್ತು ಶ, ಲ ಮತ್ತು ಳ ಬೇರೆ ಬೇರೆ ಕೇಳಿಸಬೇಕು. ತರೀಕೆರೆ ಏರಿಯ ಕುರಿಮರಿಗಳ ಮಾತು ನಿಮಗೂ ಬರುತ್ತದಲ್ಲ, ಅದನ್ನು ಪೈಪೋಟಿಯಿಂದ ಹೇಳಿ ನಗಿರಿ. ಧೈರ್ಯಕ್ಕೆ ನಮ್ಮ ದೊಡ್ಡಾಟದಲ್ಲೇ ಒಂದು ಮದ್ದಿದೆ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ನೀವಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ನೀವೇ ಸಾರಥಿಯಾಗಿ. ಮಗು ಶಾಲೆಯಿಂದ ಬಂದಾಗ ಹೊಸ್ತಿಲಲ್ಲಿ ತಡೆದು ಕೇಳಿ. ಒಂದು ದಿನ ಅದು ರಾಜ, ಮರುದಿನ ಆಕಳು, ಆಮೇಲೆ ಸಂತೆಯ ಬಳೆಗಾರ. ಯಾರಾದರೇನು, ತಲೆಯೆತ್ತಿ ಉತ್ತರ ಹೇಳಬೇಕು.

ಕೊನೆಯ ಮೂರು ದಿನ ಜನರೆದುರು. ಮೊದಲು ಅಜ್ಜ, ಅಜ್ಜಿ, ಆಮೇಲೆ ಓಣಿಯ ನಾಲ್ಕು ಮಂದಿ. ಮರೆತಾಗ ಏನು ಮಾಡಬೇಕೆಂಬುದನ್ನೂ ತಾಲೀಮು ಮಾಡಿಸಿ. ಬೇಕೆಂದೇ ನಡುವೆ ತಡೆಯಿರಿ. ನಾಲಿಗೆ ಕಚ್ಚಬಾರದು, ನಿಮ್ಮ ಮುಖ ನೋಡಬಾರದು. ಒಂದು ಉಸಿರು ಎಳೆದು ಆ ಸಾಲನ್ನು ಮತ್ತೆ ಎತ್ತಿದರಾಯಿತು.

ಅಭಿನಯ ಹೇಳಿಕೊಡಬೇಡಿ, ನೋಡುವುದನ್ನು ಕಲಿಸಿ

"ಚಂದ್ರ ಅಂದಾಗ ಮ್ಯಾಲ ಕೈ ತೋರಸು, ಹೂವು ಅಂದಾಗ ಬೆರಳು ಕೂಡಸು" ಎಂದು ಒಂದೊಂದು ಮಾತಿಗೂ ಕೈಸನ್ನೆ ಕಲಿಸಿದರೆ ಮಗು ಗಿಳಿಪಾಠ ಒಪ್ಪಿಸುತ್ತದೆ. ಗುರುಗಳು ಬೇರೆ ರೀತಿ ಮಾಡೆಂದರೆ ಕೈ ಕಟ್ಟಿದಂತಾಗುತ್ತದೆ. ಬದಲಿಗೆ ದನದ ಕೊಟ್ಟಿಗೆಗೆ ಕರೆದೊಯ್ಯಿರಿ. ಕರು ಕೂಗಿದಾಗ ಆಕಳು ಮೊದಲು ಕಿವಿ ತಿರುವುತ್ತದೆಯೋ, ಕತ್ತು ತಿರುವುತ್ತದೆಯೋ? ಇದನ್ನು ಕಂಡ ಮಗುವಿಗೆ ಪುಣ್ಯಕೋಟಿಯ ಪಾತ್ರ ಅರ್ಧ ಬಂದಂತೆಯೇ.

ನಮ್ಮ ಗೊಟಗೋಡಿಯಲ್ಲಿ ಹೆದ್ದಾರಿಯ ಪಕ್ಕದ ಉತ್ಸವ ರಾಕ್ ಗಾರ್ಡನ್ ಇದಕ್ಕೆ ಬಲು ಉಪಯೋಗ. ದೊಡ್ಡಾಟಕ್ಕಾಗಿ ದುಡಿದ ಕಲಾವಿದ, 2020ರಲ್ಲಿ ತೀರಿಕೊಂಡ ಟಿ.ಬಿ. ಸೊಲಬಕ್ಕನವರು ಕಟ್ಟಿದ ತಾಣವದು. ಹಳ್ಳಿಯ ಬದುಕೆಲ್ಲ ಅಲ್ಲಿ ಮೂರ್ತಿಗಳಾಗಿ ನಿಂತಿದೆ. ಒಂದು ಮೂರ್ತಿಯ ಮುಂದೆ ನಿಂತು, ಅದು ನಿಂತಂತೆಯೇ ನಿಲ್ಲಲು ಮಗುವಿಗೆ ಹೇಳಿ. ಭಾರ ಯಾವ ಕಾಲ ಮೇಲಿದೆ, ಕಣ್ಣು ಎತ್ತ ಎಂದು ಕೇಳಿ. ಇಲ್ಲಿಗೆ ಬರಲಾಗದವರು ಊರ ಸಂತೆಯನ್ನೇ ತೋರಿಸಿ. ತರಕಾರಿ ತೂಗುವವಳ ಕೈ, ಬುಟ್ಟಿ ಹೊತ್ತವಳ ನಡಿಗೆ ಎಲ್ಲವೂ ಪಾಠವೇ.

ಗಂಟಲಿನ ಕಾಳಜಿ

ಯಾವ ಕಷಾಯವೂ ಒಂದು ರಾತ್ರಿಯಲ್ಲಿ ಕಂಠ ಕೊಡುವುದಿಲ್ಲ, ಗಂಟಲಿಗೆ ಹಿತ ಕೊಡುತ್ತದೆ ಅಷ್ಟೆ. ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಬೆಚ್ಚಗೆ ಹುರಿದು ತರಿತರಿಯಾಗಿ ಕುಟ್ಟಿ. ಎರಡು ಲೋಟ ನೀರಿಗೆ ಹಾಕಿ, ಚಿಟಿಕೆ ಒಣಶುಂಠಿ ಪುಡಿ ಸೇರಿಸಿ ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಸೋಸಿ, ಬೆಲ್ಲ, ಸ್ವಲ್ಪ ಹಾಲು ಕೂಡಿಸಿ ಉಗುರುಬೆಚ್ಚಗೆ ಕೊಡಿ. ದಿನವಿಡೀ ಆಗಾಗ ನೀರು ಕುಡಿಸುವುದು ಇದಕ್ಕಿಂತ ಮುಖ್ಯ.

ದನಿ ಒಡೆದಿದ್ದರೆ ತಾಲೀಮು ನಿಲ್ಲಿಸಿ. ಪಿಸುಮಾತಿನಿಂದಲೂ ಗಂಟಲಿಗೆ ಆಯಾಸವೇ, ಆದ್ದರಿಂದ ಮಾತನ್ನೇ ಕಡಿಮೆ ಮಾಡಿಸಿ. ಎರಡು ಮೂರು ವಾರವಾದರೂ ಗೊಗ್ಗರು ದನಿ ಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ.

ಆರಿಸುವ ದಿನ

ಹೊಟ್ಟೆ ತೀರ ತುಂಬಬಾರದು, ಖಾಲಿಯೂ ಇರಬಾರದು. ಮೆತ್ತಗಿನ ಉಪ್ಪಿಟ್ಟು ಇಲ್ಲವೆ ಒಗ್ಗರಣೆ ಅವಲಕ್ಕಿ ಸಾಕು. ಒಣ ಚುರುಮುರಿ, ಎಣ್ಣೆಯ ಮಿರ್ಚಿ ಅಂದು ಬೇಡ. ವೇಷ ಕಟ್ಟಿ ಕಳಿಸಬೇಡಿ, ಶಾಲೆಯ ಸಮವಸ್ತ್ರವೇ ಚೆಂದ. ಕೂದಲು ಮುಖದ ಮೇಲೆ ಬೀಳದಂತೆ ಕಟ್ಟಿ. ಕೈತುಂಬ ಬಳೆ ಬೇಡ, ಹಾಡಿನ ನಡುವೆ ಅವೇ ಕೇಳಿಸುತ್ತವೆ.

ಶಾಲೆಯ ಕಿಟಕಿಯಲ್ಲಿ ನಿಂತು ಸನ್ನೆ ಮಾಡಬೇಡಿ. "ಪಾತ್ರ ತಗೊಂಡೇ ಬಾ" ಎನ್ನದೆ, "ಗುರುಗಳು ಹೇಳಿದ್ದನ್ನ ಚೆಂದ ಕೇಳು, ಖುಷೀಲೆ ಹಾಡು" ಎಂದು ಕಳಿಸಿ. ಪಾತ್ರ ಕೊಡುವುದು ಮಗುವಿನ ಕೈಯಲ್ಲಿಲ್ಲ, ಖುಷಿಯಿಂದ ಹಾಡುವುದು ಇದೆ.

ಪಾತ್ರ ಸಿಗದಿದ್ದರೆ

ನಮ್ಮ ಓಣಿಯಲ್ಲಿ ಅರವತ್ತು ದಾಟಿದ ಒಬ್ಬ ಹಿರಿಯರಿದ್ದಾರೆ. ಮದುವೆಯಲ್ಲಿ ಸೋಬಾನೆ ಹಾಡುವಾಗ ತುಟಿಯಾಡಿಸುತ್ತಾರೆ, ದನಿ ಬರುವುದಿಲ್ಲ. ಯಾಕೆ ಅತ್ತಿ, ಎಂದು ನಾನು ಕೇಳಿದೆ. ಎರಡನೇ ಇಯತ್ತೆಯಲ್ಲಿದ್ದಾಗ ಯಾರೋ ಅವರನ್ನು ಸಾಲಿನಿಂದ ಎಳೆದು "ನಿಂದು ಕಾಗಿ ದನಿ, ಸುಮ್ಮನ ನಿಂದರು" ಎಂದರಂತೆ. ಮನೆಗೆ ಬಂದು ಹೇಳಿದರೆ ಮನೆಯವರೂ ನಕ್ಕರಂತೆ. "ಅವತ್ತು ಮುಚ್ಚಿದ ಬಾಯಿ ನೋಡವಾ, ನನ್ನ ಮಗಳ ಮದುವ್ಯಾಗೂ ತೆರೀಲಿಲ್ಲ" ಎಂದರು. ಹೊರಗಿನವರು ಏನಾದರೂ ಆಡಿಯಾರು, ಮನೆಯಲ್ಲಿ ನಗದಿದ್ದರೆ ಆ ಗಾಯ ಮಾಯುತ್ತಿತ್ತೋ ಏನೋ.

ಆದ್ದರಿಂದ ಮಗು ಅಳುತ್ತ ಬಂದರೆ ಅಳಲು ಬಿಡಿ. "ನೀ ಸರಿಯಾಗಿ ಹಾಡಿರಾಕಿಲ್ಲ" ಎನ್ನಬೇಡಿ. "ಅವರ ಮಗಳಿಗೆ ಸಿಕ್ಕಿತು, ನಿನಗ ಯಾಕ ಇಲ್ಲ" ಎಂದಂತೂ ಬೇಡವೇ ಬೇಡ. ಮಗುವಿನೆದುರು ಗುರುಗಳನ್ನು ಬೈಯಲೂಬೇಡಿ. ಎರಡು ದಿನ ಬಿಟ್ಟು, ಮೇಳದಲ್ಲಿ ಹಾಡಲು, ಪರದೆ ಎಳೆಯಲು, ಗೆಜ್ಜೆ ಕಟ್ಟಲು ಮಗುವಿಗೆ ಅವಕಾಶವುಂಟೇ ಎಂದು ಗುರುಗಳನ್ನು ಕೇಳಿ.

ಮಗುವಿಗೆ ದೊಡ್ಡಾಟದ ಮಾತು ಹೇಳಿ. ಹಿಮ್ಮೇಳದವರು ಪದ ಎತ್ತಿ ಹಿಡಿಯದಿದ್ದರೆ, ಮದ್ದಳೆ ಬೀಳದಿದ್ದರೆ ಕಿರೀಟ ಹೊತ್ತ ರಾಜನೂ ಹೆಜ್ಜೆ ಎತ್ತಲಾರ. ಇಲಿಗಳಿಲ್ಲದೆ ಕಿಂದರಿಜೋಗಿಗೆ ಊರಲ್ಲಿ ಕೆಲಸವೇನು? ಇಲಿಯಾದ ಮಗುವಿಗೂ ಜೋಗಿಯ ಮಗುವಿನಷ್ಟೇ ಆಸ್ಥೆಯಿಂದ ಬಾಲ ಹೊಲಿದು ಕೊಡಿ. ಗ್ಯಾದರಿಂಗ್ ದಿನ ಮುಂದಿನ ಸಾಲಿನಲ್ಲಿ ಕುಳಿತು ನೋಡಿ.

ವರ್ಷಕ್ಕೊಂದೇ ಅವಕಾಶವೆಂದೂ ತಿಳಿಯಬೇಡಿ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಅಭಿನಯ ಗೀತೆ, ಕಂಠಪಾಠ, ಛದ್ಮವೇಷ ಮುಂತಾದ ಸ್ಪರ್ಧೆಗಳಿವೆ. ಕ್ಲಸ್ಟರಿನಿಂದ ತಾಲೂಕು, ಜಿಲ್ಲೆ, ರಾಜ್ಯದವರೆಗೆ ಹೋಗಬಹುದು. ಆ ವರ್ಷದ ನಿಯಮಗಳನ್ನು ಶಾಲೆಯಲ್ಲಿ ವಿಚಾರಿಸಿಕೊಳ್ಳಿ.

ಎಲ್ಲ ಮಕ್ಕಳೂ ನಾಟಕದವರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹನ್ನೆರಡು ದಿನದ ತಾಲೀಮಿನಲ್ಲಿ ನಾಲ್ಕು ಜನರೆದುರು ಬಾಯಿಬಿಟ್ಟು ಹಾಡಲು ಕಲಿತರೆ ಸಾಕು, ಪಾತ್ರ ಯಾವುದೇ ಇರಲಿ. ಮುಂದೆ ಮಗಳು ಸೋಬಾನೆ ಹಾಡುವ ಸಾಲಿನಲ್ಲಿ ಕುಳಿತಾಗ ಅವಳ ದನಿಯೂ ಎಲ್ಲರ ಸಂಗಡ ಕೇಳಿಸುತ್ತದೆ.