ಮುಕ್ತಿಯೆಂಬ ನೆಲೆ: ಪಂಡಿತಾ ರಮಾಬಾಯಿಯವರ ಪರಿಪೂರ್ಣ ಲೋಕ

ಕಲ್ಯಾಣ, ಡೊಂಬಿವಲಿ, ಠಾಣೆಗಳ ಕನ್ನಡಿಗರು ಕಲಬುರಗಿಗೆ ಪಯಣಿಸುವ ರೈಲುಮಾರ್ಗದಲ್ಲಿ, ಪುಣೆ ಮತ್ತು ದೌಂಡ್‌ಗಳ ನಡುವೆ, ಕೇಡಗಾಂವ್ ಎಂಬ ಸಣ್ಣ ನಿಲ್ದಾಣವಿದೆ. ಪಂಡಿತಾ ರಮಾಬಾಯಿಯವರು (1858–1922) ಕಟ್ಟಿದ ‘ಮುಕ್ತಿ’ ಎಂಬ ನೆಲೆಯಿರುವುದು ಇಲ್ಲಿ. ಪರಿಪೂರ್ಣ ಲೋಕವನ್ನು ಕುರಿತ ಕ್ರೈಸ್ತ ಕಲ್ಪನೆಯು ನಮ್ಮ ನೆಲದಲ್ಲಿ ತಾಳಿದ ಒಂದು ರೂಪವನ್ನು ಇದರ ಮೂಲಕ ವಿವರಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಕನ್ನಡ ಸಾಹಿತ್ಯಕ್ಕೆ ಪರಿಪೂರ್ಣ ಲೋಕದ ಕಲ್ಪನೆ ಹೊಸದಲ್ಲ. ಹತ್ತನೆಯ ಶತಮಾನದ ಪಂಪನ ‘ಆದಿಪುರಾಣ’ಕ್ಕೆ ಆಧಾರವಾದ ಜೈನ ಲೋಕದೃಷ್ಟಿಯಲ್ಲಿ ಭೋಗಭೂಮಿಯಿದೆ; ಅಲ್ಲಿ ಕಲ್ಪವೃಕ್ಷಗಳೇ ಎಲ್ಲವನ್ನೂ ನೀಡುವುದರಿಂದ ಉಳುಮೆಯಿಲ್ಲ, ದುಡಿಮೆಯಿಲ್ಲ. ಅದು ಕಳೆದ ಕಾಲದ ಲೋಕ; ಅದು ಕ್ಷೀಣಿಸಿದ ಮೇಲೆ ಆದಿನಾಥನು ಜನರಿಗೆ ಕೃಷಿ ಮೊದಲಾದ ವೃತ್ತಿಗಳನ್ನು ಕಲಿಸುತ್ತಾನೆ. ಹನ್ನೆರಡನೆಯ ಶತಮಾನದ ವಚನಕಾರರು ಆದರ್ಶವನ್ನು ಕಳೆದ ಕಾಲದಿಂದ ಬಿಡಿಸಿ ಇಂದಿನ ಕಾಯಕ, ದಾಸೋಹಗಳಲ್ಲಿ ನೆಲೆಗೊಳಿಸಿದರು. ಕ್ರೈಸ್ತ ಕಲ್ಪನೆಯು ಇವೆರಡರಿಂದಲೂ ಭಿನ್ನ. ಅದು ಏದೆನ್ ತೋಟದಲ್ಲಿ ತೊಡಗಿ, ಬಾಗಿಲು ಮುಚ್ಚದ, ಸಾವು ದುಃಖಗಳಿಲ್ಲದ ಹೊಸ ಯೆರೂಸಲೇಮ್ ನಗರದಲ್ಲಿ ಮುಗಿಯುತ್ತದೆ. ಆ ನಗರವು ದೇವರ ಕೊಡುಗೆ, ಮನುಷ್ಯನು ಕಟ್ಟಿದ್ದಲ್ಲ. ಆದರೂ ವಿಶ್ವಾಸಿಯು ಅದರ ನಿಯಮದಂತೆ ಇಂದೇ ಬದುಕಬೇಕು. ‘ಬರಲಿರುವುದು’ ಮತ್ತು ‘ಈಗಲೇ ಇರುವುದು’ ಎಂಬ ಇವೆರಡರ ಸೆಳೆತವೇ ಈ ಕಲ್ಪನೆಯ ಜೀವಾಳ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಪತ್ನಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ವಿರೋಧವನ್ನೆದುರಿಸಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ರಮಾಬಾಯಿ ಹುಟ್ಟಿದುದು ಅಲ್ಲಿ. ಮುಂದೆ ತೀರ್ಥಯಾತ್ರೆಯ ಅಲೆದಾಟ, ಬರಗಾಲದಲ್ಲಿ ತಂದೆತಾಯಿಗಳ ಮರಣ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’ ಮನ್ನಣೆ, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ: ಇವು ಸುಪರಿಚಿತ ಸಂಗತಿಗಳು. 1896–97ರ ಕ್ಷಾಮಕಾಲದಲ್ಲಿ ಮಧ್ಯಪ್ರಾಂತದಿಂದ ಕರೆತಂದ ನೂರಾರು ಹುಡುಗಿಯರಿಗೆ ಕೇಡಗಾಂವ್ ಆಶ್ರಯವಾಯಿತು. ಹಸಿವನ್ನು ತಾವೇ ಉಂಡವರು ಕಟ್ಟಿದ ಊರು ಅದು ಎಂಬುದನ್ನು ಮರೆಯಲಾಗದು.

ಮುಕ್ತಿಯಲ್ಲಿ ಕಲ್ಪವೃಕ್ಷವಿರಲಿಲ್ಲ. ಹೊಲ, ಮಗ್ಗ, ಮುದ್ರಣಾಲಯಗಳಿದ್ದವು. ಸಮಾಜವು ಹೊರದೂಡಿದ ಹೆಣ್ಣುಮಕ್ಕಳಿಗೆ ಕೃಪಾ ಸದನವಿತ್ತು. ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲ್ಲನ್ನು ಮರಾಠಿಗೆ ಅನುವಾದಿಸಿದರು. ಅದನ್ನು ಮುದ್ರಿಸುವ ಕೆಲಸ ಅಲ್ಲಿನ ಹೆಣ್ಣುಮಕ್ಕಳದಾಯಿತು.

ಅನುವಾದದಲ್ಲಿ ಅವರು ವೇದಾಂತದ ಛಾಯೆಯುಳ್ಳ ಪದಗಳನ್ನು ಬಿಟ್ಟು, ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಮಾತನ್ನು ಬಯಸಿದರು. ಆದರೆ ಊರಿಗಿಟ್ಟ ಹೆಸರು ‘ಮುಕ್ತಿ’! ಪರಂಪರೆಯಲ್ಲಿ ಈ ಪದದ ಅರ್ಥ ಲೋಕದಿಂದ ಬಿಡುಗಡೆ. ಯೆಶಾಯನ ಗ್ರಂಥದಲ್ಲಿ ಬರಲಿರುವ ನಗರದ ಗೋಡೆಗಳಿಗೆ ‘ರಕ್ಷಣೆ’ಯೆಂಬ ಹೆಸರಿದೆ. ಇದರೊಡನೆ ಇಟ್ಟು ನೋಡಿದರೆ, ಬಿಡುಗಡೆಯೆಂಬುದು ಇಲ್ಲಿ ಲೋಕವನ್ನು ತೊರೆಯುವುದಾಗಿ ಉಳಿಯದೆ, ಗೋಡೆ, ಬಾಗಿಲು, ಒಲೆಗಳುಳ್ಳ ವಾಸಸ್ಥಾನವಾಯಿತು ಎಂದು ನಾವು ಭಾವಿಸುತ್ತೇವೆ.

ಈ ಆದರ್ಶದ ಮಿತಿಯನ್ನೂ ಹೇಳಬೇಕು. ಶಾರದಾ ಸದನದಲ್ಲಿ ಮತಾಂತರ ನಡೆಯುತ್ತಿದೆಯೆಂಬ ಆಕ್ಷೇಪದಿಂದ 1893ರಲ್ಲಿ ಅದರ ಸಲಹಾ ಸಮಿತಿಯ ಸುಧಾರಕರು ದೂರ ಸರಿದರು. ಎಲ್ಲರಿಗೂ ತೆರೆದ ಬಾಗಿಲು, ಒಂದೇ ವಿಶ್ವಾಸದ ಒಳಾಂಗಣ: ಇವೆರಡನ್ನು ಹೊಂದಿಸುವ ಪ್ರಶ್ನೆ ಕ್ರೈಸ್ತ ಆದರ್ಶಲೋಕಕ್ಕಷ್ಟೇ ಸೀಮಿತವಲ್ಲ, ಶರಣರ ಕಲ್ಯಾಣವೂ ಅದನ್ನು ಎದುರಿಸಿತ್ತು.

1912ರಲ್ಲಿ ರಮಾಬಾಯಿಯವರ ಪ್ರಯತ್ನವು ಮಗಳು ಮನೋರಮಾ ಅವರ ನೆರವಿನಿಂದ ಗುಲ್ಬರ್ಗಕ್ಕೂ ಶಾಲೆಯ ರೂಪದಲ್ಲಿ ಬಂದಿತು. ಗಂಗಾಮೂಲದಿಂದ ಹೊರಟ ಬದುಕಿನ ಕಾರ್ಯವು ಮರಾಠಿ ನಾಡನ್ನು ಬಳಸಿ ಕನ್ನಡ ನೆಲಕ್ಕೆ ಮರಳಿದ ಈ ದಾರಿಯನ್ನು ಎರಡೂ ಭಾಷೆಗಳನ್ನು ಬಲ್ಲ ಸಂಶೋಧಕರು ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಆಶಯ.